ಆರನೇ ಗುಡ್ಡೆ

ಗುರುವಾರ ಗುರುವಾರ ಹೇಮಗಂಗೋತ್ರಿಯಿಂದ
ಸಿಟಿ ಬಸ್ಸಿನಲ್ಲಿ ಬರುತ್ತೇನೆ,
ಮಡಿಲಲ್ಲಿ ನಲವತ್ತೆರಡು ಪ್ರಶ್ನೆ.
ಜೈಲಿನ ಬಾಗಿಲಲ್ಲಿ ವಾರ್ಡರ್ ಬೋರಲಿಂಗು
ಫೋನು, ಟಿಫಿನ್ ಡಬ್ಬಿ, ಸೆರಗಿನ ಪಿನ್ನು ತೆಗೆದಿಟ್ಟುಕೊಂಡು
ಪ್ರಶ್ನೆಗಳನ್ನು ಮಾತ್ರ ಒಳಗೆ ಬಿಡುತ್ತಾರೆ;
ಅವುಗಳಿಂದ ಯಾರಿಗೂ ಗಾಯವಾಗದೆಂದು
ಅವರಿಗೆ ಹೇಗೆ ಗೊತ್ತೋ.

ಇಂಗ್ಲಿಷಿನ ಒಂದೇ ಒಂದು ಪದಕ್ಕೆ ಕನ್ನಡ ಹುಡುಕಿ
ಆರು ತಿಂಗಳು ಕಳೆದಿದ್ದೆ.
ಪಾಪಪ್ರಜ್ಞೆ ಎಂದರೆ ಮಠದ ವಾಸನೆ,
ತಪ್ಪಿತಸ್ಥ ಭಾವನೆ ಎಂದರೆ ಕೋರ್ಟು ಕಾಗದದ್ದು.
ಕೊನೆಗೆ, ಮನಸ್ಸು ಚುಚ್ಚುತ್ತದೆ, ಎಂದು ಬರೆದೆ.
ಅಳತೆಗೆ ಸಿಗದು, ಎಂದರು ಗೈಡು, ಕೆಂಪು ಶಾಯಿಯಲ್ಲಿ.
ಉಳಿಸಿಕೊಂಡೆ.

ಹದಿನೇಳನೆಯವನು ಮೊಗಣ್ಣ.
ಇಪ್ಪತ್ತೆರಡು ವರ್ಷ; ವಿಚಾರಣಾಧೀನ, ಹದಿನಾಲ್ಕು ತಿಂಗಳಿಂದ.
ಎಪಿಎಂಸಿ ಯಾರ್ಡಿನಲ್ಲಿ ಆಲೂಗಡ್ಡೆ ಆರಿಸುತ್ತಿದ್ದ.
ಯಾರದೋ ಗೋದಾಮು, ಯಾರದೋ ಬೀಗ, ಒಂದು ರಾಡು, ಒಬ್ಬನ ತಲೆ:
ಅದನ್ನು ನಾನು ಕೇಳುವಂತಿಲ್ಲ,
ಸಮಿತಿಗೆ ಹಾಗೆಂದು ಬರೆದುಕೊಟ್ಟಿದ್ದೇನೆ.

"ಶಾಲೆ ಬಿಟ್ಟದ್ದು ಯಾವಾಗ?"
"ದಿನಾ ನಾಕೂವರೆಗೆ ಬಿಡ್ತಿತ್ತು ಮೇಡಂ."
ಅವನು ನಗಲಿಲ್ಲ. ನಾನು ನಕ್ಕು ಸುಮ್ಮನಾದೆ.
"ಎಂಟನೇ ಕ್ಲಾಸು. ಲೆಕ್ಕದ ಪುಸ್ತಕ ತಂದಿರ್ನಿಲ್ಲ.
ಹೋಗಿ ಹೊರಗೆ ನಿಂತ್ಕೋ ಅಂದ್ರು.
ನಿಂತ್ಕಂಡೆ.
ಬೆಲ್ಲು ಹೊಡೀತು, ಇನ್ನೊಬ್ರು ಬಂದ್ರು, ಹೋದ್ರು.
ಒಳಗೆ ಬಾ ಅನ್ನೋದ ಮರೆತ್ರು.
ಮಾರನೆ ದಿನಾನೂ ಅಲ್ಲೇ ನಿಂತೆ. ಮೂರನೆ ದಿನ
ಅಲ್ಲಿ ನಿಲ್ಲೋದೂ ಯಾರ್ಡಲ್ಲಿ ನಿಲ್ಲೋದೂ ಒಂದೇ ಅನ್ನಿಸ್ತು.
ಯಾರ್ಡಲ್ಲಿ ಕೂಲಿನಾದ್ರೂ ಕೊಡ್ತಿದ್ರು."
ಆಮೇಲೆ, ಕಂಬಿಯಾಚೆಯ ಕಾಗೆ ನೋಡುತ್ತ:
"ಹೊರಗೆ ನಿಲ್ಸಿದ್ದು ಮೇಷ್ಟ್ರು, ಒಳಗೆ ಹಾಕಿದ್ದು ಪೊಲೀಸ್ರು.
ಬಾ ಅಂತ ಯಾರೂ ಕರೀಲಿಲ್ಲ."

ನನ್ನ ಹಾಳೆಯಲ್ಲಿ ಅದಕ್ಕೊಂದು ಚೌಕವಿತ್ತು:
ಕಾರಣ, ಆರ್ಥಿಕ.
ಟಿಕ್ಕು ಹಾಕಿದೆ.

ಐದು ಉತ್ತರಗಳನ್ನು ವಿವರಿಸಿದೆ:
ಪೂರ್ತಿ ಒಪ್ಪುತ್ತೇನೆ, ಒಪ್ಪುತ್ತೇನೆ, ಹೇಳಲಾರೆ,
ಒಪ್ಪುವುದಿಲ್ಲ, ಖಂಡಿತ ಒಪ್ಪುವುದಿಲ್ಲ.
ಅವನ ಮುಖ ಬಿಚ್ಚಿತು. "ಆರಿಸೋದು ಅನ್ನಿ!"
ದಪ್ಪ, ಮಧ್ಯಮ, ಗೋಲಿ,
ಹಸಿರು ತಿರುಗಿದ್ದು, ಗುದ್ದಲಿ ತಾಗಿದ್ದು.
ಐದು ಗುಡ್ಡೆ.
ಬೆರಳು ಕಣ್ಣಿಗಿಂತ ಮುಂದೆ ಓಡುವುದಂತೆ.
ಹಾಗೇ ಆರಿಸಿದ ನನ್ನ ಪ್ರಶ್ನೆಗಳನ್ನೂ, ಸರಸರ,
ಇಪ್ಪತ್ತೊಂಬತ್ತರವರೆಗೆ.

ಮೂವತ್ತು: ಮಾಡಿದ್ದನ್ನು ನೆನೆದರೆ ಮನಸ್ಸು ಚುಚ್ಚುತ್ತದೆ.
ಕೈ ನಿಂತಿತು.
"ಅರ್ಧ ಕೊಳೆತದ್ದು ಎಲ್ಲಿ ಹಾಕೋದು ಮೇಡಂ?"
"ಯಾರ್ಡಿನಲ್ಲಿ ಎಲ್ಲಿ ಹಾಕುತ್ತಿದ್ದಿರಿ?"
"ಸಾವ್ಕಾರ್ರು ಎಸಿ ಅನ್ನೋರು.
ನಮ್ಮವ್ವ ಸೆರಗಲ್ಲಿ ಕಟ್ಕಂಡು ಹೋಗೋಳು.
ಕೊಳೆತದ್ದು ಕೊಯ್ದು, ಕಣ್ಣಿರೋ ತುಂಡ ಬೂದಿಗೆ ಅದ್ದಿ
ಹಿತ್ಲಲ್ಲಿ ಊರೋಳು."
"ಬೆಳೀತಿತ್ತಾ?"
"ಒಂದೊಂದು."

ಬೋರಲಿಂಗು ಬೀಗದ ಕೈ ಆಡಿಸಿದರು. ಹೊತ್ತಾಗಿತ್ತು.
ಮೂವತ್ತರ ಮುಂದೆ ಖಾಲಿ, ಅದರ ಕೆಳಗೂ ಖಾಲಿ.
ಮುಂದಿನ ಗುರುವಾರ ಅವನಿರಲಿಲ್ಲ.
ಜಾಮೀನು ಸಿಕ್ಕಿತೋ, ಮೈಸೂರಿಗೆ ಸಾಗಿಸಿದರೋ,
ಆ ರಿಜಿಸ್ಟರು ನೋಡಲು ನನಗೆ ಅನುಮತಿಯಿಲ್ಲ.

ಉತ್ತರವಿಲ್ಲದ ಕಡೆ ಕಂಪ್ಯೂಟರಿಗೆ
ತೊಂಬತ್ತೊಂಬತ್ತು ಎಂದು ಹೇಳಬೇಕು.
ಹದಿನೇಳನೇ ಸಾಲಿನಲ್ಲಿ ಹದಿಮೂರು ಸಲ ಹೇಳಿದೆ.
ಆ ಸಾಲು ತೆಗೆದುಬಿಡಿ, ಎಂದರು ಗೈಡು,
ಸರಾಸರಿ ಚೊಕ್ಕ ಬರುತ್ತದೆ.
ತೆಗೆದೆ. ಬಂತು.

ಇದಕ್ಕೆಲ್ಲ ಮುಂಚೆ, ನಾಲ್ಕು ವರ್ಷ,
ಆಲೂರಿನ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವಳು ನಾನು.
ನಿನ್ನೆ ರಾತ್ರಿ ಕೂತು ಹಾಜರಿ ಕರೆದೆ,
ಬಾಗಿಲಾಚೆ ನಿಲ್ಲಿಸಿದವರದು ಮಾತ್ರ.
ಒಬ್ಬಳ ಜಡೆಯ ಮಾಸಿದ ರಿಬ್ಬನ್ನು ಜ್ಞಾಪಕ ಬಂತು, ಹೆಸರು ಬರಲಿಲ್ಲ.
ಒಬ್ಬನ ಚಪ್ಪಲಿ, ಉಂಗುಷ್ಠಕ್ಕೆ ದಾರ ಕಟ್ಟಿದ್ದು.
ಬೆಲ್ಲು ಹೊಡೆದಾಗ
ಡಸ್ಟರು, ಚಾಕು, ಪುಸ್ತಕ ಎತ್ತಿಕೊಂಡು
ನಾನು ಯಾವ ಕಡೆ ನೋಡುತ್ತ ಹೊರಬರುತ್ತಿದ್ದೆ?

ಪ್ರಶ್ನೆ ಮೂವತ್ತನ್ನು ತೆರೆದು
ಬಹಳ ಹೊತ್ತು ಪೆನ್ನು ಹಿಡಿದಿದ್ದೆ.
ಬೆಳಗಿನ ಜಾವಕ್ಕೆ ಎದ್ದು
ಹದಿನೇಳನೇ ಸಾಲನ್ನು ಮತ್ತೆ ಒಳಗೆ ಸೇರಿಸಿದೆ.
ಸರಾಸರಿ ಕೆಟ್ಟಿತು.